ತಲೆಕೆಳಗಾದ ವಿಮಾನ, ಹೆಸರಿಲ್ಲದ ಕೈ

ಫುಟ್‌ಪಾತಿನಲ್ಲಿ ಎಕ್ಸ್‌ಪೋರ್ಟ್ ಸರಕು ಮಾರುವವರ ಹತ್ತಿರ ಶರ್ಟು ಕೊಂಡವರಿಗೆಲ್ಲ ಒಂದು ಲೆಕ್ಕ ಗೊತ್ತಿರುತ್ತೆ. ಕಾಲರಿನ ಹೊಲಿಗೆ ಸೊಟ್ಟಗಿದ್ದರೆ ಬೆಲೆ ಅರ್ಧ. ಗುಂಡಿಯ ಬಣ್ಣ ಬೇರೆಯಿದ್ದರೆ ಇನ್ನೂ ಕಡಿಮೆ. ಮಾವಿನಹಣ್ಣಿಗೆ ಕಲೆ ಬಿದ್ದಿರಲಿ, ಫ್ರಿಜ್ಜಿನ ಬಾಗಿಲಿಗೆ ಗೀರು ಬಿದ್ದಿರಲಿ, ತಪ್ಪಿದ್ದ ಕಡೆ ಬೆಲೆ ಇಳಿಯುತ್ತೆ. ಇದು ಸಂತೆಯಿಂದ ಮಾಲ್‌ವರೆಗೆ ನಡೆಯುವ ನಿಯಮ.

ಅಂಚೆಚೀಟಿ ಸಂಗ್ರಹಿಸುವವರ ಲೋಕದಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಸರಿಯಾಗಿ ಅಚ್ಚಾದ ಚೀಟಿಗೆ ಹತ್ತು ರೂಪಾಯಿ ಇದ್ದರೆ, ಅದೇ ಚೀಟಿ ತಪ್ಪಾಗಿ ಅಚ್ಚಾಗಿದ್ದರೆ ಅದಕ್ಕೆ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಬರಬಹುದು. ಬಣ್ಣ ಬದಲಾಗಿರಬೇಕು, ಚಿತ್ರ ತಲೆಕೆಳಗಾಗಿರಬೇಕು, ಅಂಥ ಪ್ರತಿಗಳು ಬೆರಳೆಣಿಕೆಯಷ್ಟೇ ಇರಬೇಕು. ಅಷ್ಟಿದ್ದರೆ ಸಾಕು, ಹರಾಜಿನಲ್ಲಿ ಜನ ಕೈ ಎತ್ತುತ್ತಲೇ ಇರ್ತಾರೆ.

ನಾನೇನು ದೊಡ್ಡ ಸಂಗ್ರಾಹಕ ಅಲ್ಲ. ನನ್ನ ಆಲ್ಬಮ್ಮಿನ ಎಲ್ಲಾ ಚೀಟಿ ಸೇರಿಸಿ ಮಾರಿದರೂ ಒಂದು ಒಳ್ಳೆಯ ಊಟ ಆದೀತು, ಅಷ್ಟೇ. ಆದರೆ ಈ ತಪ್ಪು ಚೀಟಿಗಳ ಕಥೆ ಓದುವ ಹುಚ್ಚು ನನಗಿದೆ. ಓದ್ತಾ ಓದ್ತಾ ಒಂದು ಪ್ರಶ್ನೆ ಗಂಟುಬಿತ್ತು. ತಪ್ಪಿಗೆ ಇಷ್ಟೊಂದು ಬೆಲೆ ಇದೆಯಲ್ಲ, ಆ ತಪ್ಪು ಮಾಡಿದವರಿಗೆ ಏನು ಸಿಕ್ಕಿತು?

ಮೊದಲು ಎಲ್ಲರಿಗೂ ಗೊತ್ತಿರುವ ಕಥೆ ಹೇಳಿಬಿಡ್ತೀನಿ.

1918ರ ಮೇ ತಿಂಗಳು, ಅಮೆರಿಕ. ಮೇ 15ರಂದು ದೇಶದ ಮೊದಲ ನಿಯಮಿತ ವಿಮಾನ ಅಂಚೆ ಶುರುವಾಗಬೇಕು. ಅದಕ್ಕಾಗಿ 24 ಸೆಂಟಿನ ಹೊಸ ಚೀಟಿ ಬೇಕು. ಸಮಯ ಇಲ್ಲ. ಸರ್ಕಾರಿ ಮುದ್ರಣಾಲಯದಲ್ಲಿ ಗಡಿಬಿಡಿಯಿಂದ ಕೆಲಸ ಶುರುವಾಯ್ತು. ಚೀಟಿ ಎರಡು ಬಣ್ಣದ್ದು: ಸುತ್ತ ಕೆಂಪು ಚೌಕಟ್ಟು, ನಡುವೆ ನೀಲಿ ವಿಮಾನ. 'ಜೆನ್ನಿ' ಅಂತ ಕರೀತಿದ್ದ ಕರ್ಟಿಸ್ ಕಂಪನಿಯ ವಿಮಾನ ಅದು.

ಎರಡು ಬಣ್ಣ ಅಂದರೆ ಒಂದೇ ಹಾಳೆಯನ್ನು ಎರಡು ಸಲ ಯಂತ್ರಕ್ಕೆ ಕೊಡಬೇಕು. ಒಂದು ಸಲ ಚೌಕಟ್ಟಿಗೆ, ಇನ್ನೊಂದು ಸಲ ವಿಮಾನಕ್ಕೆ. ಒಂದೊಂದೇ ಹಾಳೆ, ಕೈಯಲ್ಲೇ. ನಡುವೆ ಯಾರಾದರೂ ಹಾಳೆಯನ್ನು ಹಿಂದುಮುಂದಾಗಿ ಇಟ್ಟರೆ ಕಥೆ ಮುಗೀತು. ಚೌಕಟ್ಟು ನೆಟ್ಟಗೆ, ವಿಮಾನದ ಚಕ್ರ ಆಕಾಶಕ್ಕೆ!

ಹಾಗೇ ಆಯ್ತು. ಪರೀಕ್ಷಕರ ಕಣ್ಣು ತಪ್ಪಿಸಿ 100 ಚೀಟಿಗಳ ಒಂದು ಹಾಳೆ ಹೊರಗೆ ಬಂದುಬಿಟ್ಟಿತು. ಮೇ 14ರಂದು ವಾಷಿಂಗ್ಟನ್ನಿನ ಅಂಚೆ ಕಚೇರಿಯೊಂದರಲ್ಲಿ ವಿಲಿಯಂ ರೋಬಿ ಎಂಬ ಸಂಗ್ರಾಹಕ 24 ಡಾಲರ್ ಕೊಟ್ಟು ಇಡೀ ಹಾಳೆ ಕೊಂಡ. ಸುದ್ದಿ ಹರಡಿ ಅಂಚೆ ಇಲಾಖೆಯ ಇನ್ಸ್‌ಪೆಕ್ಟರುಗಳು ಹಾಳೆ ವಾಪಸ್ ಕೇಳಿಕೊಂಡು ಬಂದರು. ಈತ ಜಪ್ಪಯ್ಯ ಅನ್ನಲಿಲ್ಲ. ಒಂದು ವಾರದೊಳಗೆ ಅದನ್ನು ಫಿಲಡೆಲ್ಫಿಯಾದ ವ್ಯಾಪಾರಿ ಯೂಜೀನ್ ಕ್ಲೈನ್‌ಗೆ 15,000 ಡಾಲರಿಗೆ ಮಾರಿದ. ಕ್ಲೈನ್ ಅದನ್ನು ಕರ್ನಲ್ ಗ್ರೀನ್ ಎಂಬ ಭಾರಿ ಶ್ರೀಮಂತನಿಗೆ 20,000ಕ್ಕೆ ದಾಟಿಸಿದ. ಗ್ರೀನ್ ಹಾಳೆಯನ್ನು ಬಿಡಿಬಿಡಿಯಾಗಿ ಹರಿಸಿದ. ಅದಕ್ಕೂ ಮೊದಲೇ ಪ್ರತಿ ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದೊಂದು ನಂಬರು ಬರೆದಾಗಿತ್ತು. ಒಂದು ಚೀಟಿಯಂತೂ ಅವನ ಹೆಂಡತಿಯ ಕೊರಳಿನ ಲಾಕೆಟ್ ಒಳಗೆ ಹೋಗಿ ಕೂತಿತು.

ಆ ನಂಬರುಗಳು ಮುಂದೆ ಭಾಳ ಕೆಲಸಕ್ಕೆ ಬಂದವು. 1955ರಲ್ಲಿ ವರ್ಜೀನಿಯಾದ ಒಂದು ಪ್ರದರ್ಶನದಲ್ಲಿ ಎಥೆಲ್ ಮಕಾಯ್ ಎಂಬ ಮಹಿಳೆಯ ನಾಲ್ಕು ಜೆನ್ನಿಗಳು ಕಳುವಾದವು. ಅವುಗಳಲ್ಲಿ ಒಂದು ಸಿಕ್ಕಿದ್ದು 2016ರಲ್ಲಿ, ಅರವತ್ತೊಂದು ವರ್ಷದ ಮೇಲೆ. ನಾಲ್ಕರಲ್ಲಿ ಕೊನೆಯದೊಂದು ಇನ್ನೂ ಪತ್ತೆಯಿಲ್ಲ. ಇನ್ನು ಬೆಲೆ? 2023ರಲ್ಲಿ ಒಂದೇ ಒಂದು ಜೆನ್ನಿ 20 ಲಕ್ಷ ಡಾಲರಿಗೆ ಹೋಯಿತು. ಮುಖಬೆಲೆ 24 ಸೆಂಟು, ನೆನಪಿರಲಿ.

ಇನ್ನೊಂದು ತಮಾಷೆ ಕೇಳಿ. ಚೀಟಿಯ ಮೇಲಿನ ವಿಮಾನದ ನಂಬರು 38262. ಮೇ 15ರಂದು ಅಧ್ಯಕ್ಷ ವಿಲ್ಸನ್ ಎದುರು ವಾಷಿಂಗ್ಟನ್ನಿನಿಂದ ಟಪಾಲು ಹೊತ್ತು ಹಾರಿದ್ದೂ ಅದೇ ನಂಬರಿನ ವಿಮಾನ. ಮೊದಲಿಗೆ ಎಂಜಿನ್ನೇ ಸ್ಟಾರ್ಟ್ ಆಗಲಿಲ್ಲ. ನೋಡಿದರೆ ಟ್ಯಾಂಕಿನಲ್ಲಿ ಪೆಟ್ರೋಲೇ ಇಲ್ಲ! ಪೆಟ್ರೋಲ್ ಹಾಕಿ ಹಾರಿಸಿದರು. ಪೈಲಟ್ ಜಾರ್ಜ್ ಬಾಯ್ಲ್ ಉತ್ತರಕ್ಕೆ ಹೋಗಬೇಕಾದವನು ದಾರಿ ತಪ್ಪಿ ದಕ್ಷಿಣಕ್ಕೆ ಹೋಗಿ, ಮೇರಿಲ್ಯಾಂಡಿನ ಒಂದು ಹೊಲದಲ್ಲಿ ಇಳಿಯಲು ಹೋಗಿ ಪ್ರೊಪೆಲ್ಲರ್ ಮುರಿದುಕೊಂಡ. ಟಪಾಲು ರಸ್ತೆ ಮೇಲೆ ವಾಪಸ್ ಬಂತು.

ಈಗ ನನ್ನ ಪ್ರಶ್ನೆಗೆ ಬರೋಣ. ಈ ಕಥೆಯಲ್ಲಿ ಎಷ್ಟು ಹೆಸರು ಬಂದವು ನೋಡಿ. ಕೊಂಡವನ ಹೆಸರು ಗೊತ್ತು, ಮಾರಿದವನದು ಗೊತ್ತು, ಹರಿದವನದು ಗೊತ್ತು, ಕಳಕೊಂಡವಳದು ಗೊತ್ತು, ಹೊಲದಲ್ಲಿ ಇಳಿದವನದೂ ಗೊತ್ತು. ಚೀಟಿ ಚೀಟಿಗೂ ನಂಬರಿದೆ, ಜಾತಕ ಇದೆ. ಆದರೆ ಹಾಳೆಯನ್ನು ತಿರುಗಿಸಿ ಇಟ್ಟ ಆ ಕೈ ಯಾರದು? ಈ ಕಥೆ ಹೇಳುವವರು ಯಾರೂ ಆ ಹೆಸರು ಹೇಳಲ್ಲ. ಇಡೀ ಸಂಪತ್ತು ಹುಟ್ಟಿದ್ದೇ ಆ ಒಂದು ಕ್ಷಣದಲ್ಲಿ. ಹುಟ್ಟಿಸಿದವರ ಪಾಲಿಗೆ ಬಂದದ್ದು ಆ ತಿಂಗಳ ಸಂಬಳ.

ಸರಿ, ಅಮೆರಿಕದ ಮಾತಾಯಿತು. ನಮ್ಮ ದೇಶದಲ್ಲಿ ಇದಕ್ಕಿಂತ 64 ವರ್ಷ ಮೊದಲೇ ಇಂಥದ್ದೊಂದು ನಡೆದಿತ್ತು.

1854ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅಂತ ಅಂಚೆಚೀಟಿ ಬಂದವು. ಅದಕ್ಕೂ ಎರಡು ವರ್ಷ ಮೊದಲು, 1852ರಲ್ಲಿ, ಸಿಂಧ್ ಪ್ರಾಂತ್ಯದಲ್ಲಿ ಬಾರ್ಟಲ್ ಫ್ರೇರ್ 'ಸಿಂಧ್ ಡಾಕ್' ಚೀಟಿ ತಂದಿದ್ದ. ಏಷ್ಯಾದಲ್ಲೇ ಮೊದಲನೆಯದು. ಅದರಲ್ಲಿ ಕೆಂಪು ಅರಗಿನ ಬಿಲ್ಲೆಯಂಥದ್ದೂ ಒಂದಿತ್ತು. ಕಾಗದಕ್ಕೆ ಅಂಟಿಸಿ ಕಳಿಸಿದರೆ ದಾರಿಯಲ್ಲೇ ಬಿರಿದು ಪುಡಿಯಾಗುತ್ತಿತ್ತು!

1854ರ ಚೀಟಿಗಳನ್ನು ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ, ಭೂಪಟ ಅಚ್ಚು ಮಾಡುತ್ತಿದ್ದ ಕಲ್ಲಚ್ಚಿನಲ್ಲಿ ಮಾಡಿದರು. ಉಸ್ತುವಾರಿ ಕ್ಯಾಪ್ಟನ್ ಥುಯಿಲಿಯರ್ ಎಂಬಾತನದು. ಅಚ್ಚಿನ ಮೂಲ ಕೆತ್ತಿದ್ದು ಮುನೀರುದ್ದೀನ್ ಎಂಬ ಇಲ್ಲಿನದೇ ಕುಶಲಕರ್ಮಿ. ಅರ್ಧ ಆಣೆ ಚೀಟಿಯನ್ನು ಮೊದಲು ಕೆಂಪು ಬಣ್ಣದಲ್ಲಿ ತೆಗೆದರು. ಇಂಗ್ಲೆಂಡಿನಿಂದ ಬಂದ ಕೆಂಪು ಶಾಯಿ ಖಾಲಿಯಾಯ್ತು. ಇಲ್ಲಿನ ಕೆಂಪು ಹಾಕಿ ನೋಡಿದರೆ ಕಲ್ಲೇ ಹಾಳಾಗತೊಡಗಿತು. ಕೊನೆಗೆ ನಮ್ಮ ಅರ್ಧ ಆಣೆ ನೀಲಿಯಾಯಿತು. ಇತಿಹಾಸದಲ್ಲಿ ಎಷ್ಟೋ ದೊಡ್ಡ ನಿರ್ಧಾರಗಳು ಹೀಗೇ ಆಗಿರೋದು, ಸ್ಟಾಕ್ ಇರಲಿಲ್ಲ ಅಂತ.

ಆ ಸರಣಿಯಲ್ಲಿ ನಾಲ್ಕಾಣೆ ಚೀಟಿ ಮಾತ್ರ ಎರಡು ಬಣ್ಣದ್ದು. ಎಂಟು ಮೂಲೆಯ ಕೆಂಪು ಚೌಕಟ್ಟು, ಒಳಗೆ ನೀಲಿಯಲ್ಲಿ ರಾಣಿ ವಿಕ್ಟೋರಿಯಾಳ ತಲೆ. ಜಗತ್ತಿನ ಅತಿ ಹಳೆಯ ಬಹುಬಣ್ಣದ ಚೀಟಿಗಳಲ್ಲಿ ಇದೂ ಒಂದು. ಎರಡು ಬಣ್ಣ ಅಂದ ಮೇಲೆ ಎರಡು ಸಲ ಅಚ್ಚು. ಎರಡು ಸಲ ಅಚ್ಚು ಅಂದ ಮೇಲೆ... ಊಹಿಸಿದಿರಲ್ಲ? ಕೆಲವು ಚೀಟಿಗಳಲ್ಲಿ ಮಹಾರಾಣಿ ಶೀರ್ಷಾಸನ ಹಾಕಿಬಿಟ್ಟಳು.

ಮಜಾ ಅಂದರೆ ಆಗ ಯಾರೂ ಗಮನಿಸಲೇ ಇಲ್ಲ. ಜನ ಕಾಗದಕ್ಕೆ ಅಂಟಿಸಿದರು, ಅಂಚೆಯವರು ಮುದ್ರೆ ಒತ್ತಿದರು, ಕಾಗದ ಊರು ಸೇರಿತು. ಸಂಗ್ರಾಹಕರ ಕಣ್ಣಿಗೆ ಬಿದ್ದದ್ದು ಸುಮಾರು ಇಪ್ಪತ್ತು ವರ್ಷದ ಮೇಲೆ. ಇವತ್ತಿಗೆ ಉಳಿದಿರುವುದು ಮೂವತ್ತಕ್ಕೂ ಕಡಿಮೆ. ಬಳಸದೆ ಹೊಸದಾಗಿ ಉಳಿದದ್ದು ಒಂದೂ ಇಲ್ಲ. ಹೆಚ್ಚಿನವನ್ನು ಆ ಕಾಲದ ಜನ ಚೌಕಟ್ಟಿನ ಅಂಚಿಗೇ ಕತ್ತರಿಸಿ ಅಂಟಿಸಿದ್ದರಿಂದ ಎಂಟು ಮೂಲೆಯಾಗೇ ಉಳಿದಿವೆ.

ಇಲ್ಲೂ ಅದೇ ಕಥೆ. ಥುಯಿಲಿಯರ್ ಹೆಸರಿದೆ, ಮುನೀರುದ್ದೀನ್ ಹೆಸರಿದೆ. ಕಲ್ಕತ್ತೆಯ ಸೆಕೆಯಲ್ಲಿ ಬೆವರು ಒರೆಸುತ್ತ ಹಾಳೆಗಳನ್ನು ಇಟ್ಟು ಇಟ್ಟು ತೆಗೆದ ಕಾರ್ಮಿಕನ ಹೆಸರು ಕಥೆಯಲ್ಲಿಲ್ಲ. ರಾಣಿಯ ತಲೆ ಕೆಳಗಾಯಿತು ಅಂತ ಆಗಲೇ ಸಾಹೇಬರಿಗೆ ಗೊತ್ತಾಗಿದ್ದರೆ ಅವನ ಗತಿ ಏನಾಗುತ್ತಿತ್ತೋ! ಇಪ್ಪತ್ತು ವರ್ಷ ಯಾರೂ ನೋಡದೆ ಇದ್ದದ್ದೇ ಅವನ ಪುಣ್ಯ.

ಸ್ವೀಡನ್ನಿನದು ಇನ್ನೊಂದು ಥರ. 1855ರಲ್ಲಿ ಅಲ್ಲಿ ಬಂದ 3 ಸ್ಕಿಲ್ಲಿಂಗ್ ಚೀಟಿ ಹಸಿರು ಬಣ್ಣದ್ದು, 8 ಸ್ಕಿಲ್ಲಿಂಗಿನದು ಹಳದಿ. ಹಳದಿ ಹಾಳೆಯ ಅಚ್ಚಿನಲ್ಲಿ 8ರ ಮೊಳೆಯೊಂದು ಹಾಳಾಗಿ, ಅದರ ಜಾಗಕ್ಕೆ 3ರ ಮೊಳೆ ಸೇರಿಸಿರಬೇಕು ಅನ್ನೋದು ತಜ್ಞರ ಅಂದಾಜು. ಹಾಗಾಗಿ ಹಳದಿ ಬಣ್ಣದ 3 ಸ್ಕಿಲ್ಲಿಂಗ್ ಹುಟ್ಟಿತು. 1886ರಲ್ಲಿ ಒಬ್ಬ ಶಾಲಾ ಹುಡುಗನಿಗೆ ಅಜ್ಜಿ ಮನೆಯ ಅಟ್ಟದ ಹಳೇ ಕಾಗದಗಳಲ್ಲಿ ಅದು ಸಿಕ್ಕಿತು. ಸ್ಟಾಕ್‌ಹೋಮಿನ ವ್ಯಾಪಾರಿಗೆ ಕೊಟ್ಟ. ವ್ಯಾಪಾರಿ 7 ಕ್ರೋನರ್ ಕೈಗಿಟ್ಟ. ಹುಡುಗನಿಗೆ ಖುಷಿಯೋ ಖುಷಿ. ಅಂಥ ಇನ್ನೊಂದು ಚೀಟಿ ಇವತ್ತಿನವರೆಗೆ ಸಿಕ್ಕಿಲ್ಲ. 1996ರಲ್ಲಿ ಹರಾಜಾದಾಗ ಅದರ ಬೆಲೆ 20 ಲಕ್ಷ ಡಾಲರ್ ದಾಟಿತು.

ಇಷ್ಟು ಹೊತ್ತು ನಿಜವಾಗಿ ತಪ್ಪಾದ ಚೀಟಿಗಳ ಕಥೆ ಹೇಳಿದೆ. ಈಗ ತಪ್ಪೇ ಆಗದ ತಪ್ಪಿನ ಕಥೆ.

ಮಾರಿಷಸ್, 1847. ಪೋರ್ಟ್ ಲೂಯಿ ಊರಿನ ಜೋಸೆಫ್ ಬರ್ನಾರ್ಡ್ ಎಂಬ ಕೆತ್ತನೆಗಾರ ಅಲ್ಲಿನ ಮೊದಲ ಚೀಟಿ ತಯಾರಿಸಿದ. ಒಂದು ಪೆನ್ನಿಯದು 500, ಎರಡು ಪೆನ್ನಿಯದು 500. ಆ ಚೀಟಿಗಳ ಅಂಚಿನಲ್ಲಿ 'ಪೋಸ್ಟ್ ಆಫೀಸ್' ಅಂತ ಇತ್ತು. ಮರುವರ್ಷದ ಚೀಟಿಗಳಲ್ಲಿ 'ಪೋಸ್ಟ್ ಪೇಯ್ಡ್' ಅಂತ ಬಂತು. ಅಷ್ಟು ಸಾಕಾಯ್ತು. ಒಂದು ಕಥೆ ಹುಟ್ಟಿಕೊಂಡಿತು. ಪಾಪ, ಮುದುಕ ಬರ್ನಾರ್ಡನಿಗೆ ಏನು ಕೆತ್ತಬೇಕು ಅನ್ನೋದೇ ಮರೆತುಹೋಯಿತಂತೆ. ಕೇಳಿಕೊಂಡು ಬರೋಣ ಅಂತ ಹೊರಟನಂತೆ. ಎದುರಿಗೆ 'ಪೋಸ್ಟ್ ಆಫೀಸ್' ಬೋರ್ಡ್ ಕಂಡಿತಂತೆ. ಅದೇ ಇರಬೇಕು ಅಂತ ವಾಪಸ್ ಬಂದು ಅದನ್ನೇ ಕೆತ್ತಿದನಂತೆ!

ಚೆನ್ನಾಗಿದೆ ಅಲ್ವಾ? ಆದರೆ ಕಟ್ಟುಕಥೆ. 1928ರಲ್ಲಿ ಬಂದ ಒಂದು ಪುಸ್ತಕ ಇದನ್ನು ಊರೆಲ್ಲ ಹರಡಿತು. ಬರ್ನಾರ್ಡ್ ಮುದುಕನೂ ಅಲ್ಲ, ಮರೆಗುಳಿಯೂ ಅಲ್ಲ. 'ಪೋಸ್ಟ್ ಆಫೀಸ್' ಎಂಬ ಪದ ಬೇಕೆಂದೇ ಹಾಕಿದ್ದು, ಆ ಕಾಲದ ಅಂಚೆ ಮುದ್ರೆಗಳಲ್ಲಿ ಅದು ಮಾಮೂಲು ಅಂತ ಆಮೇಲೆ ದಾಖಲೆ ಜಾಲಾಡಿದವರು ತೋರಿಸಿದರು. ಆ ಸಾವಿರದಲ್ಲಿ ಈಗ ಗೊತ್ತಿರುವುದು 27 ಚೀಟಿಗಳು. ಅವುಗಳಲ್ಲಿ ಎರಡು, ಮಾರಿಷಸ್‌ನಿಂದ ಬಾಂಬೆಗೆ ಬಂದ ಒಂದು ಕಾಗದದ ಮೇಲಿವೆ. ಆ ಕಾಗದ 1897ರಲ್ಲಿ ನಮ್ಮ ದೇಶದ ಬಜಾರೊಂದರಲ್ಲಿ ಸಿಕ್ಕಿದ್ದು.

ನನಗೆ ಇದು ಯಾಕೋ ಕಾಡುತ್ತೆ. ಜೆನ್ನಿಯ ಹಾಳೆ ತಿರುಗಿಸಿದವನು ನಿಜವಾಗಿ ತಪ್ಪಿದ, ಅವನ ಹೆಸರು ಯಾರ ಬಾಯಲ್ಲೂ ಇಲ್ಲ. ಬರ್ನಾರ್ಡ್ ತನ್ನ ಕೆಲಸ ಸರಿಯಾಗಿ ಮಾಡಿದ. ಚೀಟಿಯ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನೂ ಸಣ್ಣದಾಗಿ ಕೆತ್ತಿದ. ಹೆಸರಿದ್ದ ಕಾರಣಕ್ಕೇ ಇಲ್ಲದ ತಪ್ಪು ಅವನ ಕುತ್ತಿಗೆಗೆ ಬಿತ್ತು. ಚೀಟಿಗಳ ಇತಿಹಾಸದಲ್ಲಿ ಕೆಲಸಗಾರನ ಹೆಸರು ಹೊರಗೆ ಬರೋದು ಹೆಚ್ಚಾಗಿ ಬೈಯಲಿಕ್ಕೇ ಇರಬೇಕು ಅನಿಸಿಬಿಡುತ್ತೆ.

ಅದಕ್ಕೆ ಇನ್ನೊಂದು ಉದಾಹರಣೆ ಚೀನಾದ್ದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

1968, ಸಾಂಸ್ಕೃತಿಕ ಕ್ರಾಂತಿಯ ಕಾಲ. 'ಇಡೀ ದೇಶ ಕೆಂಪು' ಅನ್ನೋ ಹೆಸರಿನ ಒಂದು ಚೀಟಿ ಬಂತು. ಜನರೆಲ್ಲ ಕೈಯಲ್ಲಿ ಮಾವೋ ಪುಸ್ತಕ ಹಿಡಿದಿದ್ದಾರೆ, ಹಿಂದೆ ಚೀನಾದ ಭೂಪಟ ಕೆಂಪಗಿದೆ. ಆದರೆ ತೈವಾನ್ ಮಾತ್ರ ಬಿಳಿ! ತೈವಾನ್ ತನ್ನದೇ ಅನ್ನುವ ಸರ್ಕಾರದ ಚೀಟಿಯಲ್ಲಿ ತೈವಾನಿಗೆ ಕೆಂಪು ಇಲ್ಲ ಅಂದರೆ ಅದು ಬರೀ ಬಣ್ಣದ ತಪ್ಪಲ್ಲ, ರಾಜಕೀಯ ಅಪರಾಧ. ಮಾರಾಟ ಶುರುವಾದ ದಿನವೇ ಎಲ್ಲಾ ಅಂಚೆ ಕಚೇರಿಗಳಿಗೆ ಆದೇಶ ಹೋಯಿತು, ಚೀಟಿ ವಾಪಸ್ ಕಳಿಸಿ ಅಂತ. ಅಷ್ಟರಲ್ಲಿ ಒಂದಷ್ಟು ಮಾರಿಹೋಗಿದ್ದವು. ಅವೇ ಇವತ್ತು ಚೀನೀ ಸಂಗ್ರಾಹಕರ ಕೋಟಿ ಕೋಟಿಯ ಕನಸು.

ಚಿತ್ರ ಬರೆದ ವಾನ್ ವೈಶೆಂಗ್ ತನ್ನನ್ನು ಯಾವತ್ತು ಜೈಲಿಗೆ ಹಾಕ್ತಾರೋ ಅಂತ ಬಹಳ ಕಾಲ ಹೆದರಿಕೊಂಡೇ ಇದ್ದುದಾಗಿ ಆಮೇಲೆ ಹೇಳಿಕೊಂಡ. ಜೈಲಿಗೇನೋ ಹೋಗಲಿಲ್ಲ. ಆದರೆ ಯೋಚನೆ ಮಾಡಿ. ಅಂಗೈಯಷ್ಟೂ ಇಲ್ಲದ ಚಿತ್ರ, ಅದರಲ್ಲಿ ಸಾಸಿವೆಯಷ್ಟು ಜಾಗಕ್ಕೆ ಬಣ್ಣ ಬಿಟ್ಟುಹೋಗಿದೆ. ಅದಕ್ಕಾಗಿ ರಾತ್ರಿ ಬಾಗಿಲು ಬಡಿದ ಸದ್ದಾದಾಗಲೆಲ್ಲ ಬೆಚ್ಚಿಬೀಳೋದು ಅಂದರೆ ಹೇಗಿರಬೇಡ. ಹರಾಜಿನ ಕ್ಯಾಟಲಾಗಿನಲ್ಲಿ ಈ ಭಯಕ್ಕೆ ಒಂದು ಕಾಲಂ ಇರಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಏನಾದರೂ ಎಡವಟ್ಟಾದರೆ ಮರುದಿನ ಒಂದು ಮೀಟಿಂಗ್ ಗ್ಯಾರಂಟಿ. ಅದಕ್ಕೆ 'ರೂಟ್ ಕಾಸ್ ಅನಾಲಿಸಿಸ್' ಅಂತ ಗೌರವದ ಹೆಸರು. ನಾವು ಇಲ್ಲಿ ಯಾರನ್ನೂ ದೂರಲು ಸೇರಿಲ್ಲ ಅಂತ ಮೊದಲ ಸ್ಲೈಡಿನಲ್ಲೇ ಬರೆದಿರ್ತಾರೆ. ಎರಡನೇ ಸ್ಲೈಡಿಗೆ ಬರೋ ಹೊತ್ತಿಗೆ ಎಲ್ಲರ ಕಣ್ಣೂ ಒಂದೇ ಕುರ್ಚಿಯ ಕಡೆ ಹೋಗಿರುತ್ತೆ. ನೀವೂ ಇಂಥ ಮೀಟಿಂಗುಗಳಲ್ಲಿ ಕೂತಿರ್ತೀರಿ. ಹಾಗಾಗಿ ಅಧಿಕಾರದಲ್ಲಿ ಇರುವವರು ತಪ್ಪನ್ನು ಹೇಗೆ ಸಂಭಾಳಿಸ್ತಾರೆ ಅನ್ನೋದು ನನಗೆ ಚೀಟಿಗಿಂತ ಹೆಚ್ಚು ಕುತೂಹಲದ ವಿಷಯ. ಅದಕ್ಕೆ ಮೂರು ಮಾದರಿಗಳು ಇಲ್ಲಿವೆ.

ಮೊದಲನೆಯದು: ತಪ್ಪನ್ನೇ ಮಾಮೂಲು ಮಾಡಿಬಿಡೋದು. 1962ರಲ್ಲಿ ಅಮೆರಿಕದ ಅಂಚೆ ಇಲಾಖೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಡಾಗ್ ಹಾಮರ್‌ಶೋಲ್ಡ್ ನೆನಪಿಗೆ 4 ಸೆಂಟಿನ ಚೀಟಿ ತಂದಿತು. ಆತ ಹಿಂದಿನ ವರ್ಷವಷ್ಟೇ ಆಫ್ರಿಕಾದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಕೆಲವು ಹಾಳೆಗಳಲ್ಲಿ ಹಿನ್ನೆಲೆಯ ಹಳದಿ ಬಣ್ಣ ತಲೆಕೆಳಗಾಯಿತು. ನ್ಯೂಜೆರ್ಸಿಯ ಲೆನಾರ್ಡ್ ಶರ್ಮನ್ ಎಂಬ ಆಭರಣದ ವ್ಯಾಪಾರಿಗೆ ಅಂಥ ಹಾಳೆ ಸಿಕ್ಕಿತು. ಪತ್ರಿಕೆಯಲ್ಲಿ ಸುದ್ದಿಯಾಯ್ತು. ಇನ್ನೇನು ಅದೃಷ್ಟ ಖುಲಾಯಿಸಿತು ಅನ್ನುವಷ್ಟರಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಎಡ್ವರ್ಡ್ ಡೇ ಒಂದು ಆದೇಶ ಹೊರಡಿಸಿದ. ಅದೇ ತಪ್ಪಿರುವ ಚೀಟಿಗಳನ್ನು ಬೇಕೆಂದೇ ಅಚ್ಚು ಹಾಕಿ, ಒಟ್ಟು 4 ಕೋಟಿ! ಅಂಚೆ ಇಲಾಖೆ ಲಾಟರಿ ನಡೆಸುವ ಜಾಗ ಅಲ್ಲ ಅನ್ನೋದು ಅವನ ವಾದ. ಶರ್ಮನ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದ. ಅಷ್ಟರಲ್ಲಿ ಬೇಕಾದಷ್ಟು ಮಾರಾಟ ಆಗಿಹೋಗಿತ್ತು. ಆ ತಪ್ಪು ಚೀಟಿ ಇವತ್ತು ಯಾರ ಆಲ್ಬಮ್ಮಿನಲ್ಲಿ ಬೇಕಾದರೂ ಇರಬಹುದು, ಚಿಲ್ಲರೆ ಕಾಸಿಗೆ ಸಿಗುತ್ತೆ. ಶರ್ಮನ್ ತನ್ನ ಹಾಳೆಯನ್ನು ಮುಂದೆ ಅಮೆರಿಕದ ಅಂಚೆಚೀಟಿ ಸಂಗ್ರಾಹಕರ ಸಂಘಕ್ಕೆ ದಾನ ಕೊಟ್ಟ.

ಡೇ ಮಾಡಿದ್ದು ಸರಿಯಾ? ಸಂಗ್ರಾಹಕರು ಇವತ್ತಿಗೂ ಬೈತಾರೆ. ಒಬ್ಬನಿಗೆ ಸಿಕ್ಕ ಅದೃಷ್ಟವನ್ನು ಸರ್ಕಾರ ಹೊಟ್ಟೆಕಿಚ್ಚಿಗೆ ಹಾಳು ಮಾಡಿತು ಅನ್ನೋದು ಅವರ ದೂರು. ನನಗೆ ಮಾತ್ರ ಇದರ ಇನ್ನೊಂದು ಮುಖವೂ ಕಾಣುತ್ತೆ. ಆ ಹಾಳೆ ತಿರುಗಿಸಿ ಹಾಕಿದ ನೌಕರ ಅವತ್ತು ರಾತ್ರಿ ನೆಮ್ಮದಿಯಿಂದ ಮಲಗಿರಬೇಕು. ತನ್ನ ತಪ್ಪು 4 ಕೋಟಿಯಲ್ಲಿ ಕರಗಿಹೋಯ್ತಲ್ಲ!

ಎರಡನೆಯದು: ವಾಪಸ್ ತಾ ಅನ್ನೋದು. 1986ರಲ್ಲಿ ವರ್ಜೀನಿಯಾದಲ್ಲಿ ಸಿಐಎ ಸಿಬ್ಬಂದಿ ಕಚೇರಿಯ ಬಳಕೆಗೆ ಅಂತ ಅಂಚೆ ಕಚೇರಿಯಿಂದ ಒಂದು ಡಾಲರಿನ 95 ಚೀಟಿ ತಂದರು. ಚೀಟಿಯಲ್ಲಿ ಹಳೇ ಕಾಲದ ಒಂದು ದೀಪದ ಚಿತ್ರ. ನೋಡಿದರೆ ಅಚ್ಚಿನ ಒಂದು ಬಣ್ಣ ತಲೆಕೆಳಗಾಗಿದೆ. ಗೂಢಚಾರ ಸಂಸ್ಥೆಯ ನೌಕರರಲ್ವಾ, ಕಣ್ಣು ಚುರುಕು. ಸದ್ದಿಲ್ಲದೆ ಬೇರೆ ಚೀಟಿ ತಂದು ಆಫೀಸಿಗೆ ಇಟ್ಟರು. ತಪ್ಪು ಚೀಟಿಗಳಲ್ಲಿ ತಲಾ ಒಂದು ಇಟ್ಟುಕೊಂಡು ಉಳಿದದ್ದನ್ನು ವ್ಯಾಪಾರಿಗೆ ಮಾರಿದರು. ಮುಂದಿನ ವರ್ಷ ಗುಟ್ಟು ರಟ್ಟಾಯಿತು. ಆಫೀಸಿನ ದುಡ್ಡಲ್ಲಿ ಕೊಂಡದ್ದು, ವಾಪಸ್ ಕೊಡಿ ಅಂತ ಸಂಸ್ಥೆ ಕೂತುಬಿಟ್ಟಿತು. ಕೆಲವರು ಕೊಟ್ಟರು. ಕೊಡದವರು ಕೆಲಸ ಕಳಕೊಂಡರು. ಅಚ್ಚಿನ ಮನೆಯಲ್ಲಿ ಯಾರೋ ಮಾಡಿದ ತಪ್ಪಿಗೆ ಇನ್ನೆಲ್ಲೋ ಕೂತಿದ್ದವರ ನೌಕರಿ ಹೋಯಿತು.

ಮೂರನೆಯದು: ತಪ್ಪನ್ನೇ ಮಾರ್ಕೆಟಿಂಗ್ ಮಾಡೋದು. 2013ರಲ್ಲಿ ಅಮೆರಿಕದ ಅಂಚೆ ಇಲಾಖೆ ಜೆನ್ನಿಯ ನೆನಪಿಗೆ ಬೇಕೆಂದೇ ತಲೆಕೆಳಗಾದ ವಿಮಾನ ಇರುವ 2 ಡಾಲರಿನ ಚೀಟಿ ಹೊರತಂದಿತು. ಸುಮಾರು 22 ಲಕ್ಷ ಹಾಳೆ. ಅದರೊಳಗೆ 100 ಹಾಳೆಗಳಲ್ಲಿ ಮಾತ್ರ ವಿಮಾನ ನೆಟ್ಟಗೆ! ಅಂದರೆ ಇಲ್ಲಿ ಸರಿಯಾಗಿರೋದೇ ಅಪರೂಪ. ಕಾಣದ ಹಾಗೆ ಪ್ಯಾಕ್ ಮಾಡಿ ಮಾರಿದರು. ಕ್ರಿಕೆಟಿಗರ ಕಾರ್ಡಿಗಾಗಿ ಬಬ್ಬಲ್‌ಗಮ್ ಕೊಳ್ಳುತ್ತಿದ್ದೆವಲ್ಲ, ಹಾಗೆ. ಬೇಕೆಂದೇ ಅಪರೂಪ ಹುಟ್ಟಿಸುವ ಈ ಉಪಾಯಕ್ಕೆ ಇಲಾಖೆಯದೇ ತನಿಖಾ ವಿಭಾಗ ಆಮೇಲೆ ಆಕ್ಷೇಪ ಎತ್ತಿತು. ಐವತ್ತು ವರ್ಷದ ಹಿಂದೆ ಲಾಟರಿ ಬೇಡ ಅಂದ ಇಲಾಖೆ ಈಗ ತಾನೇ ಲಾಟರಿ ಟಿಕೆಟ್ ಅಚ್ಚು ಹಾಕಿತ್ತು ನೋಡಿ.

ಹಾಗಂತ ತಪ್ಪಿದ್ದ ಚೀಟಿಗಳೆಲ್ಲ ಚಿನ್ನವಾಗಲ್ಲ. ಕೆರಿಬಿಯನ್ನಿನ ಸೇಂಟ್ ಕಿಟ್ಸ್-ನೆವಿಸ್ 1903ರಲ್ಲಿ ತಂದ ಚೀಟಿಯಲ್ಲಿ ಕೊಲಂಬಸ್ ದೂರದರ್ಶಕ ಹಿಡಿದು ನೆಲ ಹುಡುಕ್ತಿದ್ದಾನೆ. ದೂರದರ್ಶಕ ಕಂಡುಹಿಡಿದದ್ದು ಕೊಲಂಬಸ್ ಸತ್ತು ನೂರು ವರ್ಷದ ಮೇಲೆ! 1956ರಲ್ಲಿ ಪೂರ್ವ ಜರ್ಮನಿ ಸಂಗೀತಗಾರ ಶೂಮನ್ ನೆನಪಿಗೆ ಚೀಟಿ ತಂದಿತು. ಹಿಂದೆ ಹಾಕಿದ ಸ್ವರಲಿಪಿ ಶೂಬರ್ಟನದ್ದು. ಜನ ನಕ್ಕ ಮೇಲೆ ಸರಿಪಡಿಸಿ ಮತ್ತೊಮ್ಮೆ ತಂದರು. ಇವು ಇಡೀ ಕಂತಿಗೇ ಅಂಟಿದ ತಪ್ಪುಗಳು, ಎಲ್ಲರ ಕೈಗೂ ಸಿಕ್ಕವು. ಹಾಗಾಗಿ ಬೆಲೆಯಿಲ್ಲ. ನೂರರಲ್ಲಿ ಒಂದು ತಪ್ಪಿದರೆ ಅಪರೂಪ, ನೂರಕ್ಕೆ ನೂರೂ ತಪ್ಪಿದರೆ ಬರೀ ಮುಜುಗರ.

ಮುಜುಗರಕ್ಕೂ ಒಮ್ಮೊಮ್ಮೆ ಬಿಲ್ ಬರುತ್ತೆ. ಅಮೆರಿಕದವರು ತಮ್ಮ ಸ್ವಾತಂತ್ರ್ಯದೇವಿ ಪ್ರತಿಮೆಯ ಚಿತ್ರವಿರುವ ಚೀಟಿ ತಂದರು. ಅದು ನ್ಯೂಯಾರ್ಕಿನ ಪ್ರತಿಮೆಯೇ ಅಲ್ಲ, ಲಾಸ್ ವೇಗಸ್ಸಿನ ಹೋಟೆಲೊಂದರ ಮುಂದೆ ನಿಂತಿರುವ ನಕಲು ಅಂತ 2011ರಲ್ಲಿ ಬಯಲಾಯಿತು. ಅಷ್ಟು ಹೊತ್ತಿಗೆ 300 ಕೋಟಿ ಚೀಟಿ ಅಚ್ಚಾಗಿತ್ತು. ಯಾರೋ ಫೋಟೋ ಏಜೆನ್ಸಿಯಲ್ಲಿ ಸರ್ಚ್ ಮಾಡಿ, ಚೆನ್ನಾಗಿ ಕಂಡದ್ದನ್ನು ಆರಿಸಿದ್ದರು. ನಾವು ಪ್ರೆಸೆಂಟೇಶನ್‌ಗೆ ಚಿತ್ರ ಹುಡುಕೋದೂ ಹಾಗೇ ತಾನೆ? ಆದರೆ ನಕಲು ಪ್ರತಿಮೆಗೂ ಒಬ್ಬ ಶಿಲ್ಪಿ ಇದ್ದ, ರಾಬರ್ಟ್ ಡೇವಿಡ್ಸನ್. ನಾನು ಮಾಡಿದ ಮುಖ ಮೂಲದ ನಕಲಲ್ಲ, ಅದರಲ್ಲಿ ನನ್ನ ಕೈಚಳಕ ಇದೆ ಅಂತ ಆತ ಕೇಸು ಹಾಕಿದ. 2018ರಲ್ಲಿ ಕೋರ್ಟು ಒಪ್ಪಿತು, ಸರ್ಕಾರ ಆತನಿಗೆ 35 ಲಕ್ಷ ಡಾಲರ್ ಕೊಡಬೇಕು ಅಂದಿತು. ನಾನು ಓದಿದ ಇಷ್ಟೂ ಕಥೆಗಳಲ್ಲಿ ದುಡ್ಡು ಕೈಯಿಂದ ಕೆಲಸ ಮಾಡಿದವನ ಹತ್ತಿರ ಹೋಗಿದ್ದು ಇದೊಂದರಲ್ಲೇ. ಅದೂ ಆತ ತಾನೇ ಎದ್ದು ನಿಂತು, ಇದು ನನ್ನ ಕೆಲಸ ಅಂತ ಹೆಸರು ಹೇಳಿ ಕೇಳಿದ್ದಕ್ಕೆ.

ತಪ್ಪು ಚೀಟಿಗಳನ್ನು ಯಾಕಪ್ಪಾ ಜನ ಇಷ್ಟು ಪ್ರೀತಿಸ್ತಾರೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ. ಅಪರೂಪ ಅನ್ನೋದು ಒಂದು ಕಾರಣ, ನಿಜ. ಆದರೆ ಅಪರೂಪದ ವಸ್ತುಗಳು ಬೇರೆಯೂ ಇವೆ. ಸರಿಯಾಗಿ ಅಚ್ಚಾದ ಲಕ್ಷ ಚೀಟಿಗಳನ್ನು ನೋಡಿದರೆ ಯಂತ್ರ ಕಾಣುತ್ತೆ. ತಲೆಕೆಳಗಾದ ಒಂದನ್ನು ನೋಡಿದರೆ, ಅದರ ಹಿಂದೆ ನಿದ್ದೆಗೆಟ್ಟೋ ಅವಸರದಲ್ಲೋ ಪಕ್ಕದವರ ಹತ್ತಿರ ಮಾತಾಡ್ತಲೋ ಹಾಳೆ ಇಟ್ಟ ಒಂದು ಜೀವ ಇತ್ತು ಅಂತ ಥಟ್ಟನೆ ಹೊಳೆಯುತ್ತೆ. ಕೋಟಿ ಕೊಟ್ಟು ಕೊಳ್ಳುವವರು ಆ ಜೀವದ ಗುರುತನ್ನೇ ಕೊಳ್ತಾರೆ, ಹೆಸರು ಮಾತ್ರ ಕೇಳಲ್ಲ.

ಜೆನ್ನಿಯ ಕಥೆಯಲ್ಲಿ ಒಂದು ಚೂರು ಬೇಕೆಂದೇ ಉಳಿಸಿಕೊಂಡಿದ್ದೆ. ಎಡವಟ್ಟು ಗೊತ್ತಾದ ಮೇಲೆ ವಾಷಿಂಗ್ಟನ್ನಿನ ಮುದ್ರಣಾಲಯದವರು ಅಚ್ಚಿನ ಫಲಕಗಳಿಗೆ ಒಂದು ಸಣ್ಣ ಪದ ಸೇರಿಸಿದರು: 'ಟಾಪ್'. ಚೌಕಟ್ಟಿನ ಫಲಕಕ್ಕೂ ಅದೇ, ವಿಮಾನದ ಫಲಕಕ್ಕೂ ಅದೇ. ಹಾಳೆ ಕೈಗೆತ್ತಿಕೊಂಡವರಿಗೆ ಯಾವ ಕಡೆ ಮೇಲೆ ಅಂತ ಒಂದೇ ನೋಟಕ್ಕೆ ಗೊತ್ತಾಗಲಿ ಅಂತ. ಇಷ್ಟೇ. ಮೂರಕ್ಷರದ ಇಂಗ್ಲಿಷ್ ಪದ, ಹಾಳೆಯ ಅಂಚಿನಲ್ಲಿ. ಮುಂದಿನ ಸಲ ಅಂಥ ಮೀಟಿಂಗಿನಲ್ಲಿ ಎಲ್ಲರೂ ಒಂದು ಕುರ್ಚಿಯ ಕಡೆ ತಿರುಗಿದಾಗ, ನಮ್ಮ ಫಲಕದ ಮೇಲೆ 'ಟಾಪ್' ಅಂತ ಬರೆದಿತ್ತಾ ಅಂತ ಯಾರಾದರೂ ಒಬ್ಬರು ಕೇಳಿದರೆ ಸಾಕು.

ಅಂದ ಹಾಗೆ ಆ 'ಟಾಪ್' ಬರಹ ಅಂಚಿನಲ್ಲಿರುವ ಜೆನ್ನಿ ಚೀಟಿಗಳನ್ನೂ ಸಂಗ್ರಾಹಕರು ಹುಡುಕಿಕೊಂಡು ಹೋಗಿ ಕೊಳ್ತಾರೆ. ವಿಮಾನ ನೆಟ್ಟಗಿದೆ, ಕೋಟಿಯ ಮಾತಿಲ್ಲ. ಆದರೆ ನನ್ನ ಆಲ್ಬಮ್ಮಿಗೆ ಒಂದೇ ಒಂದು ಜೆನ್ನಿ ಆರಿಸಿಕೊ ಅಂತ ಯಾರಾದರೂ ಹೇಳಿದರೆ, ನಾನು ಕೇಳೋದು ಅದನ್ನೇ.